ಬೆನ್ನೆಲುಬಿಲ್ಲದ ಜೀವಿಗಳು ಏನು ನೋಡುತ್ತವೆ?

ಮ್ಯಾಂಟಿಸ್ ಸಿಗಡಿಯ ಕಣ್ಣಿನ ಬಗ್ಗೆ ಇರುವಷ್ಟು ಉತ್ಪ್ರೇಕ್ಷೆ ಬೇರೆ ಯಾವ ಪ್ರಾಣಿಯ ಕಣ್ಣಿನ ಬಗ್ಗೆಯೂ ಇರಲಾರದು. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ 3 ಬಗೆ, ಇದರ ಕಣ್ಣಿನಲ್ಲಿ 12 ಬಗೆ. ಇಷ್ಟು ತಿಳಿದದ್ದೇ ತಡ, ಮನುಷ್ಯರು ಊಹಿಸಲೂ ಆಗದ ಬಣ್ಣಗಳ ಲೋಕದಲ್ಲಿ ಅದು ಬದುಕಿದೆ ಎಂಬ ಮಾತು ಮಕ್ಕಳ ಪುಸ್ತಕಗಳಿಂದ ವಾಟ್ಸಾಪ್ ಸಂದೇಶಗಳವರೆಗೆ ಹಬ್ಬಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಹಾನ್ನೆ ಥೋಯೆನ್, ಜಸ್ಟಿನ್ ಮಾರ್ಷಲ್ ಮತ್ತು ಸಂಗಡಿಗರು ಈ ಮಾತನ್ನು ಪರೀಕ್ಷೆಗೆ ಒಡ್ಡಿದರು. ಒಂದು ಬಣ್ಣದ ಬೆಳಕನ್ನು ಆರಿಸಿಕೊಂಡರೆ ತಿಂಡಿ ಸಿಗುತ್ತದೆ ಎಂದು ಮ್ಯಾಂಟಿಸ್ ಸಿಗಡಿಗಳಿಗೆ ಕಲಿಸಿ, ಆಮೇಲೆ ಅದರ ಪಕ್ಕದಲ್ಲಿಟ್ಟ ಇನ್ನೊಂದು ಬೆಳಕನ್ನು ಆ ಬಣ್ಣಕ್ಕೆ ಹತ್ತಿರ ಹತ್ತಿರ ತರುತ್ತ ಹೋದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗಾಗಿಸಿತು. ಎರಡು ಬೆಳಕುಗಳ ತರಂಗಾಂತರದಲ್ಲಿ 15ರಿಂದ 25 ನ್ಯಾನೊಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಈ ಜೀವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮನುಷ್ಯರಿಗಾದರೋ 1ರಿಂದ 4 ನ್ಯಾನೊಮೀಟರ್ ಅಂತರ ಸಾಕು.

ಹಾಗಿದ್ದರೆ 12 ಬಗೆಯ ಕೋಶಗಳು ಏತಕ್ಕೆ? ಆ ಸಂಶೋಧಕರ ಊಹೆ ಹೀಗಿದೆ. ನಮ್ಮ ಕಣ್ಣು ಮತ್ತು ಮಿದುಳು ಮೂರು ಬಗೆಯ ಕೋಶಗಳ ಸಂಕೇತಗಳನ್ನು ಒಂದಕ್ಕೊಂದು ಹೋಲಿಸಿ ಬಣ್ಣವನ್ನು ಲೆಕ್ಕಹಾಕುತ್ತವೆ. ಹೋಲಿಕೆಯಿಂದ ಸೂಕ್ಷ್ಮತೆ ಬರುತ್ತದೆ, ಆದರೆ ಅದಕ್ಕೆ ಸಮಯವೂ ಮಿದುಳೂ ಬೇಕು. ಮ್ಯಾಂಟಿಸ್ ಸಿಗಡಿ ಬಹುಶಃ ಹೋಲಿಸುವ ಗೋಜಿಗೇ ಹೋಗುವುದಿಲ್ಲ. ಅದರ ಕಣ್ಣಿನ ನಡುವೆ ಆರು ಸಾಲುಗಳ ಒಂದು ಪಟ್ಟಿಯಿದೆ. ಆ ಪಟ್ಟಿಯನ್ನು ಎದುರಿನ ವಸ್ತುವಿನ ಮೇಲೆ ಒಮ್ಮೆ ಹಾಯಿಸಿದರೆ 12 ಬಗೆಯ ಕೋಶಗಳಲ್ಲಿ ಯಾವುವು ಎಷ್ಟು ಸ್ಪಂದಿಸಿದವು ಎಂಬುದೇ ಆ ವಸ್ತುವಿನ ಗುರುತಾಗುತ್ತದೆ. ಹವಳದ ಬಂಡೆಗಳ ನಡುವೆ ಮಿಂಚಿನ ವೇಗದಲ್ಲಿ ಗುದ್ದಿ ಬೇಟೆಯಾಡುವ, ಗುದ್ದಿಸಿಕೊಳ್ಳುವ ಪ್ರಾಣಿಗೆ ತಿಳಿಹಸಿರು ಮತ್ತು ಎಳೆಹಸಿರಿನ ವ್ಯತ್ಯಾಸಕ್ಕಿಂತ ತ್ವರಿತ ಗುರುತು ಮುಖ್ಯ.

ಅಕಶೇರುಕಗಳ ಕಣ್ಣುಗಳ ಬಗ್ಗೆ ಕಳೆದ ಅರವತ್ತು ವರ್ಷಗಳಲ್ಲಿ ನಡೆದ ಕೆಲಸವನ್ನು ಒಟ್ಟಾಗಿ ನೋಡಿದರೆ ನನಗೆ ಎದ್ದು ಕಾಣುವುದು ಇದೇ ಪಾಠ. ಮಸೂರಗಳನ್ನು ಎಣಿಸಿ, ವರ್ಣಕಗಳನ್ನು ಎಣಿಸಿ, ನಮ್ಮ ಕಣ್ಣಿನ ಪಕ್ಕದಲ್ಲಿಟ್ಟು ಹೆಚ್ಚು ಕಡಿಮೆ ಎಂದು ಅಂಕ ಕೊಡುವುದರಿಂದ ಏನೂ ತಿಳಿಯುವುದಿಲ್ಲ. ಆ ಪ್ರಾಣಿ ತನ್ನ ಬದುಕಿನಲ್ಲಿ ಬೆಳಕಿನಿಂದ ಏನನ್ನು ತಿಳಿಯಬೇಕಾಗಿದೆ ಎಂದು ಮೊದಲು ಕೇಳಬೇಕು. ಕಣ್ಣಿನ ರಚನೆ ಅರ್ಥವಾಗುವುದು ಆಮೇಲೆ. ಹಾಗೆ ಕೇಳದೆ ಹೊರಟಾಗಲೆಲ್ಲ ಜನಪ್ರಿಯ ಬರಹಗಾರರು ಮಾತ್ರವಲ್ಲ, ನುರಿತ ವಿಜ್ಞಾನಿಗಳೂ ದಾರಿ ತಪ್ಪಿದ್ದಾರೆ.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಕೆರಿಬಿಯನ್ ಕಡಲಂಚಿನ ಮ್ಯಾಂಗ್ರೋವ್ ಬೇರುಗಳ ನಡುವೆ ಬದುಕುವ ಒಂದು ಪೆಟ್ಟಿಗೆ ಲೋಳೆಮೀನು. ಹೆಸರು ಟ್ರೈಪೆಡೇಲಿಯಾ ಸಿಸ್ಟೊಫೋರಾ, ಗಾತ್ರ ಸುಮಾರು 1 ಸೆಂಟಿಮೀಟರ್. ಅದಕ್ಕೆ ನಮ್ಮಂಥ ಮಿದುಳಿಲ್ಲ, ತಲೆ ಎಂಬುದೇ ಇಲ್ಲ. ಆದರೆ ಕಣ್ಣುಗಳು 24! ದೇಹದ ನಾಲ್ಕು ಬದಿಗಳಲ್ಲಿ ನಾಲ್ಕು ಸಣ್ಣ ದಂಟುಗಳು ಜೋತುಬಿದ್ದಿವೆ, ಒಂದೊಂದರಲ್ಲಿ ಆರು ಕಣ್ಣು. ಅವುಗಳಲ್ಲಿ ನಾಲ್ಕು ಬರೀ ಕುಳಿಗಳು ಮತ್ತು ಸೀಳುಗಳು. ಉಳಿದೆರಡು ಮಾತ್ರ ಮಸೂರ, ಅಕ್ಷಿಪಟ ಎಲ್ಲ ಇರುವ ಪೂರ್ತಿ ಕಣ್ಣುಗಳು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಡಾನ್-ಎರಿಕ್ ನಿಲ್ಸನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಆ ಮಸೂರಗಳನ್ನು ಅಳೆದಾಗ ಅವು ಬೆಳಕನ್ನು ದೋಷವಿಲ್ಲದೆ ಒಂದೇ ಬಿಂದುವಿಗೆ ತರುವಷ್ಟು ಉತ್ತಮವಾಗಿರುವುದು ಕಂಡಿತು. ಆದರೆ ಆ ಬಿಂದು ಅಕ್ಷಿಪಟದ ಮೇಲೆ ಬೀಳುವುದಿಲ್ಲ, ಅದರಾಚೆಗೆ ಬೀಳುತ್ತದೆ. ಹಾಗಾಗಿ ಅಷ್ಟು ಒಳ್ಳೆಯ ಮಸೂರವಿದ್ದೂ ಚಿತ್ರ ಮಸುಕು.

ಕಣ್ಣೆಂದರೆ ಕ್ಯಾಮೆರಾ ಎಂದುಕೊಂಡವರಿಗೆ ಇದು ದೋಷ. ಪ್ರಾಣಿಯ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಈ ಲೋಳೆಮೀನಿಗೆ ಆಹಾರವಾದ ಪುಟ್ಟ ಜಲಜೀವಿಗಳು ಬೇರುಗಳ ನಡುವೆ ಇಳಿಯುವ ಬಿಸಿಲಕೋಲುಗಳಲ್ಲಿ ಗುಂಪುಗೂಡುತ್ತವೆ. ಲೋಳೆಮೀನು ಆ ಬಿಸಿಲಕೋಲಿನಲ್ಲಿ ನಿಲ್ಲಬೇಕು, ಬೇರಿಗೆ ಬಡಿದುಕೊಳ್ಳಬಾರದು, ಅಲೆ ಸೆಳೆದೊಯ್ದರೆ ಮತ್ತೆ ಗಿಡಗಳ ಅಡಿಗೆ ಮರಳಬೇಕು. ಬೇರಿನಂಥ ದಪ್ಪ ವಸ್ತುಗಳು ಕಂಡು, ನೀರಿನಲ್ಲಿ ತೇಲುವ ಧೂಳು ಕಸ ಕಾಣದಿದ್ದರೆ ಅದಕ್ಕೆ ಅನುಕೂಲವೇ. ಮಸುಕು ಚಿತ್ರ ಬೇಡದ ವಿವರಗಳನ್ನು ಮೊದಲೇ ಸೋಸಿಬಿಡುತ್ತದೆ. ಇಷ್ಟು ಸಣ್ಣ ನರಮಂಡಲಕ್ಕೆ ಅದು ದೊಡ್ಡ ಉಪಕಾರ.

ಮೇಲುಗಡೆಯ ಮಸೂರದ ಕಣ್ಣಿನ ಕಥೆ ಇನ್ನೂ ಸೊಗಸು. ದಂಟಿನ ತುದಿಯಲ್ಲಿ ಒಂದು ಭಾರವಾದ ಹರಳಿದೆ. ಲೋಳೆಮೀನು ಹೇಗೆ ಹೊರಳಿದರೂ ಆ ಹರಳಿನ ಭಾರಕ್ಕೆ ದಂಟು ನೆಟ್ಟಗೆ ನಿಲ್ಲುತ್ತದೆ, ಮೇಲಿನ ಕಣ್ಣು ಸದಾ ಆಕಾಶವನ್ನೇ ನೋಡುತ್ತದೆ. ನೀರಿನೊಳಗಿಂದ ಮೇಲೆ ನೋಡಿದರೆ ಹೊರಗಿನ ಲೋಕವೆಲ್ಲ ಸುಮಾರು 97 ಡಿಗ್ರಿಯ ಒಂದು ವೃತ್ತದೊಳಗೆ ಮುದುಡಿಕೊಂಡು ಕಾಣುತ್ತದೆ. ಈ ಕಣ್ಣಿನ ನೋಟದ ವ್ಯಾಪ್ತಿಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಗಿಡಗಳ ಹಂದರದ ಕಪ್ಪಂಚು ಯಾವ ಕಡೆಗಿದೆಯೋ ಆ ಕಡೆ ಈಜಬೇಕು. ಆಂಡರ್ಸ್ ಗಾರ್ಮ್ ಮತ್ತು ನಿಲ್ಸನ್ ಅವರ ತಂಡ ಲೋಳೆಮೀನುಗಳನ್ನು ಪಾರದರ್ಶಕ ತೊಟ್ಟಿಯಲ್ಲಿಟ್ಟು ಗಿಡಗಳಿಂದ ದೂರ ದೂರ ಸರಿಸಿ ನೋಡಿತು. ಮೀಟರುಗಟ್ಟಲೆ ದೂರದಿಂದಲೂ ಅವು ತೊಟ್ಟಿಯ ಗಿಡದ ಕಡೆಯ ಗೋಡೆಗೇ ಒತ್ತಿಕೊಂಡು ಈಜಿದವು. 2023ರಲ್ಲಿ ಇದೇ ಕ್ಷೇತ್ರದ ಇನ್ನೊಂದು ಪ್ರಯೋಗ ಹೊರಬಂತು. ಮಂಕು ಬೂದು ಪಟ್ಟೆಗಳನ್ನು ದೂರದ ಬೇರೆಂದು ಭ್ರಮಿಸಿ ತೊಟ್ಟಿಯ ಗೋಡೆಗೆ ಕೆಲವು ಸಲ ಡಿಕ್ಕಿ ಹೊಡೆದ ಲೋಳೆಮೀನುಗಳು ನಿಮಿಷಗಳಲ್ಲೇ ಪಾಠ ಕಲಿತು ದೂರ ಸರಿಯತೊಡಗಿದವು. ಕಲಿಯಲು ಮಿದುಳು ಬೇಕೇಬೇಕು ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಡ.

ಮಸೂರವೇ ಇಲ್ಲದೆಯೂ, ಅಥವಾ ಇದ್ದೂ ಅದನ್ನು ಹೆಚ್ಚು ನೆಚ್ಚದೆಯೂ ಚಿತ್ರ ಮೂಡಿಸಬಹುದು. ಸ್ಕಾಲಪ್ ಎಂಬ ಚಿಪ್ಪುಜೀವಿಯ ಅಂಚಿನಲ್ಲಿ 200ರವರೆಗೂ ಪುಟ್ಟ ಕಣ್ಣುಗಳಿರುತ್ತವೆ. ಅವುಗಳಲ್ಲಿ ಚಿತ್ರ ಮೂಡಿಸುವುದು ಕಣ್ಣಿನ ತಳದಲ್ಲಿರುವ ಕನ್ನಡಿ ಎಂದು ಬ್ರಿಟನ್ನಿನ ಮೈಕೆಲ್ ಲ್ಯಾಂಡ್ 1965ರಲ್ಲಿ ತೋರಿಸಿದರು. ದೊಡ್ಡ ದೂರದರ್ಶಕಗಳಲ್ಲಿ ಬಳಸುವ ಉಪಾಯವೇ ಇದು. ಆ ಕನ್ನಡಿ ಗ್ವಾನಿನ್ ಎಂಬ ವಸ್ತುವಿನ ಚೌಕ ಹರಳುಗಳನ್ನು ಸಂದಿಲ್ಲದಂತೆ ಜೋಡಿಸಿ, ಪದರದ ಮೇಲೆ ಪದರವಿಟ್ಟು ಆದದ್ದು ಎಂದು 2017ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಕಂಡುಕೊಂಡಿತು. ಬೇರೆಡೆ ಗ್ವಾನಿನ್ ಚೌಕವಾಗಿ ಹರಳುಗಟ್ಟುವುದು ಅಪರೂಪ. ಹರಳು ಯಾವ ಆಕಾರದಲ್ಲಿ ಬೆಳೆಯಬೇಕೆಂಬುದನ್ನೂ ಸ್ಕಾಲಪ್‌ನ ಕೋಶಗಳು ಹಿಡಿತದಲ್ಲಿಟ್ಟುಕೊಂಡಿವೆ ಎಂದಾಯಿತು.

ಹಾರುವ ಕೀಟಗಳ ಸಂಯುಕ್ತ ಕಣ್ಣಿನ ವಿಚಾರ ಶಾಲೆಯಿಂದಲೇ ಪರಿಚಿತ. ಡ್ರ್ಯಾಗನ್‌ಫ್ಲೈನ ಒಂದೊಂದು ಕಣ್ಣಿನಲ್ಲಿ ಸಾವಿರಾರು ಪುಟ್ಟ ಘಟಕಗಳಿವೆ, ಒಂದೊಂದು ಘಟಕವೂ ಲೋಕದ ಒಂದೊಂದು ಚುಕ್ಕಿಯನ್ನು ನೋಡುತ್ತದೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಸ್ತರಿಸಬೇಕಾದ್ದು ಇರುಳಿನ ವಿಚಾರ. ಜೇನು, ದುಂಬಿಗಳ ಕಣ್ಣಿನಲ್ಲಿ ಪ್ರತಿ ಘಟಕವೂ ತನ್ನ ಪುಟ್ಟ ಮಸೂರದಿಂದ ಬಂದ ಬೆಳಕನ್ನು ಮಾತ್ರ ಬಳಸುತ್ತದೆ. ಹಗಲಿಗೆ ಇದು ಸಾಕು, ಕತ್ತಲಿಗೆ ತೀರ ಸಾಲದು. ಪತಂಗಗಳು ನೂರಾರು ಮಸೂರಗಳ ಬೆಳಕನ್ನು ಒಂದೇ ಕಡೆ ಕೂಡಿಸುವ ಬೇರೆ ಬಗೆಯ ಕಣ್ಣು ಪಡೆದಿರುವುದು ಅದಕ್ಕೇ. ಲೆಕ್ಕದ ಪ್ರಕಾರ ದುಂಬಿ ರಾತ್ರಿ ಹಾರಕೂಡದು.

ಆದರೆ ಸಹ್ಯಾದ್ರಿಯಲ್ಲಿ ಹಾರುವ ದುಂಬಿಯೊಂದಿದೆ, ಮರ ಕೊರೆದು ಗೂಡು ಮಾಡುವ ಕ್ಸೈಲೊಕೋಪಾ ಟ್ರಾಂಕ್ವೆಬಾರಿಕಾ. ಮಹಾರಾಷ್ಟ್ರದ ಭೀಮಾಶಂಕರ ಅಭಯಾರಣ್ಯದಲ್ಲಿ ಅದರ ಅಧ್ಯಯನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್, ಹೇಮಾ ಸೋಮನಾಥನ್ ಹಾಗೂ ಲುಂಡ್‌ನ ಎರಿಕ್ ವಾರಂಟ್, ಅಲ್ಮುಟ್ ಕೆಲ್ಬರ್ ಸೇರಿ ಮಾಡಿದ ಕೆಲಸ ಅದು. ಚಂದ್ರನಿಲ್ಲದ ರಾತ್ರಿಯಲ್ಲೂ ಈ ದುಂಬಿ ಹೂವಿಗೆ ಹೋಗಿ ಗೂಡಿಗೆ ಮರಳುತ್ತದೆ. ಗೂಡಿನ ಬಳಿ ಬಣ್ಣದ ಗುರುತುಗಳನ್ನಿಟ್ಟು ಪರೀಕ್ಷಿಸಿದಾಗ ನಕ್ಷತ್ರದ ಬೆಳಕಿನಲ್ಲಿ ಅದು ಬಣ್ಣದಿಂದಲೇ ಮನೆ ಗುರುತಿಸುತ್ತದೆ ಎಂದು 2008ರಲ್ಲಿ ಖಚಿತವಾಯಿತು. ಅಷ್ಟು ಮಂದ ಬೆಳಕಿನಲ್ಲಿ ನಮಗೆ ಬಣ್ಣವೇ ಕಾಣದು, ಎಲ್ಲ ಬೂದು. ಈ ದುಂಬಿಯ ಮಸೂರಗಳು ಹಗಲಿನ ಬಂಧುಗಳದಕ್ಕಿಂತ ದೊಡ್ಡವು ನಿಜ. ಆದರೆ ಅದಷ್ಟರಿಂದಲೇ ಕೊರತೆ ತುಂಬುವುದಿಲ್ಲ. ಹಲವು ಘಟಕಗಳ, ಹಲವು ಕ್ಷಣಗಳ ಬೆಳಕನ್ನು ನರಕೋಶಗಳು ಒಟ್ಟುಗೂಡಿಸಿ ಸಂಕೇತವನ್ನು ಬಲಪಡಿಸುತ್ತವೆ ಎಂಬುದು ಸಂಶೋಧಕರು ಕೊಡುವ ವಿವರಣೆ. ಕಣ್ಣನ್ನು ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟಷ್ಟರಿಂದ ನೋಟ ತಿಳಿಯುವುದಿಲ್ಲ ಎಂಬುದಕ್ಕೆ ನಮ್ಮ ಘಟ್ಟದ ಈ ದುಂಬಿಯೇ ಉದಾಹರಣೆ.

ಕತ್ತಲಿಗೆ ಇನ್ನೊಂದು ಉತ್ತರ ಡೈನೋಪಿಸ್ ಜೇಡದ್ದು. ರಾತ್ರಿ ಬಲೆಯನ್ನು ಕಾಲುಗಳಲ್ಲಿ ಹಿಡಿದು ಬೇಟೆಯ ಮೇಲೆ ಬೀಸುವ ಈ ಜೇಡದ ಎರಡು ದೊಡ್ಡ ಕಣ್ಣುಗಳಲ್ಲಿ ಬೆಳಕು ಹೀರುವ ಪೊರೆಗಳು ಸಂಜೆ ಹೊಸದಾಗಿ ಬೆಳೆದು ಬೆಳಗಾಗುತ್ತಿದ್ದಂತೆ ಕರಗಿಹೋಗುತ್ತವೆ. ದಿನವೂ ಇದೇ ಕ್ರಮ.

ಜೇಡಗಳ ಮಾತು ಬಂದಾಗ ಮನೆಯ ಗೋಡೆಯ ಮೇಲಿನ ಜಿಗಿಯುವ ಜೇಡವನ್ನು ಬಿಟ್ಟು ಮುಂದೆ ಹೋಗಲಾಗದು. ಕಿಟಕಿಯ ಚೌಕಟ್ಟಿನ ಮೇಲೆ ಬಿಸಿಲು ಬಿದ್ದಾಗ ಅದು ಬರುತ್ತದೆ. ಬೆರಳು ಹತ್ತಿರ ತಂದರೆ ಓಡುವುದಿಲ್ಲ. ಗಕ್ಕನೆ ತಿರುಗಿ ನಿಂತು ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನೇರವಾಗಿ ನಮ್ಮನ್ನೇ ನೋಡುತ್ತದೆ. ಸ್ವಲ್ಪ ಹೊತ್ತು ಅಲುಗದೆ ಗಮನಿಸಿದರೆ ಆ ಕಣ್ಣಿನ ಕಪ್ಪು ಒಳಗೊಳಗೇ ಬಣ್ಣ ಬದಲಿಸಿದಂತೆ ಕಾಣುತ್ತದೆ. ಅದು ಬೆಳಕಿನ ಭ್ರಮೆಯಲ್ಲ. ಮಸೂರ ತಲೆಗೆ ಅಂಟಿಕೊಂಡಿದೆ, ಅದು ಅಲುಗುವುದಿಲ್ಲ. ಅದರ ಹಿಂದೆ ಉದ್ದನೆಯ ಕೊಳವೆಯಿದೆ, ಕೊಳವೆಯ ತುದಿಯಲ್ಲಿ ಕಿರಿದಾದ ಅಕ್ಷಿಪಟ. ಒಂದೊಂದು ಕೊಳವೆಯನ್ನೂ ಆರಾರು ಸ್ನಾಯುಗಳು ಆಚೀಚೆ ಎಳೆದು ತಿರುಚಿ, ಮಸೂರ ಮೂಡಿಸಿದ ಚಿತ್ರದ ಮೇಲೆ ಅಕ್ಷಿಪಟವನ್ನು ಆಡಿಸುತ್ತವೆ ಎಂದು 1969ರಲ್ಲಿ ವಿವರಿಸಿದವರೂ ಮೈಕೆಲ್ ಲ್ಯಾಂಡ್ ಅವರೇ. ಚಿತ್ರವನ್ನು ಒಟ್ಟಿಗೆ ನೋಡುವ ಬದಲು ತುಣುಕು ತುಣುಕಾಗಿ ಓದುವ ಕಣ್ಣು ಇದು.

ಆ ಅಕ್ಷಿಪಟಕ್ಕೆ ಒಂದರ ಹಿಂದೊಂದು ನಾಲ್ಕು ಪದರಗಳಿವೆ. ಅವುಗಳಲ್ಲಿ ಎರಡು ಪದರಗಳು ಹಸಿರು ಬೆಳಕಿಗೆ ಸ್ಪಂದಿಸುತ್ತವೆ. ಆದರೆ ಮಸೂರದ ಗುಣದಿಂದಾಗಿ ಹಸಿರು ಚಿತ್ರ ಒಂದರ ಮೇಲೆ ಸ್ಪಷ್ಟವಾಗಿ, ಇನ್ನೊಂದರ ಮೇಲೆ ಮಸುಕಾಗಿ ಬೀಳುತ್ತದೆ. ಎಂದಿಗೂ ಮಸುಕು ಚಿತ್ರವನ್ನೇ ಪಡೆಯುವ ಪದರವನ್ನು ಪ್ರಕೃತಿ ಏಕೆ ಉಳಿಸಿಕೊಂಡಿದೆ? ಜಪಾನಿನ ಒಸಾಕಾದಲ್ಲಿ ತಕಾಶಿ ನಗಾತಾ, ಅಕಿಹಿಸಾ ತೆರಾಕಿತಾ ಮತ್ತಿತರರು ಹಸಾರಿಯಸ್ ಅಡನ್ಸೋನಿ ಎಂಬ ಜೇಡದಲ್ಲಿ ಇದಕ್ಕೆ ಉತ್ತರ ಹುಡುಕಿದರು. ಮಸುಕು ಎಷ್ಟಿದೆ ಎಂಬುದರಿಂದಲೇ ಬೇಟೆ ಎಷ್ಟು ದೂರದಲ್ಲಿದೆ ಎಂದು ಜೇಡ ಅಳೆಯುತ್ತದೆ ಎಂಬುದು ಅವರ ವಾದ. ಹಾಗಿದ್ದರೆ ಬೆಳಕಿನ ಬಣ್ಣ ಬದಲಾದರೆ ಮಸುಕೂ ಬದಲಾಗಿ ಅಳತೆ ತಪ್ಪಬೇಕು. ಹಸಿರು ಬೆಳಕಿನಲ್ಲಿ ಜೇಡಗಳ ಜಿಗಿತ ಗುರಿ ಮುಟ್ಟಿತು. ಕೆಂಪು ಬೆಳಕಿನಲ್ಲಿ ಬೇಟೆಗಿಂತ ಮೊದಲೇ, ಅದೂ ಲೆಕ್ಕ ಹೇಳಿದ್ದಷ್ಟೇ ಅಂತರದಲ್ಲಿ, ನೆಲಕ್ಕೆ ಬಿತ್ತು. 2012ರಲ್ಲಿ ಬಂದ ಈ ಪ್ರಬಂಧ ನಾನು ಓದಿರುವ ಅತಿ ಸ್ವಚ್ಛ ಪ್ರಯೋಗಗಳಲ್ಲಿ ಒಂದು. ಆ ಜೇಡ ಭಾರತದ ಮನೆಗಳಲ್ಲೂ ಇದೆ.

ಇನ್ನು, ವಿಜ್ಞಾನಿಗಳೇ ಎಡವಿದ ಕಡೆಗೆ ಬರೋಣ. ಬ್ರಿಟಲ್ ಸ್ಟಾರ್ ಎಂಬ, ನಕ್ಷತ್ರಮೀನಿನ ಬಂಧುವಾದ ಜೀವಿಯ ತೋಳುಗಳ ಮೇಲೆ ಕ್ಯಾಲ್ಸೈಟ್‌ನ ಸಾವಿರಾರು ಉಬ್ಬುಗಳಿವೆ. ಅವು ಬೆಳಕನ್ನು ಒಂದೆಡೆ ಸೇರಿಸುವ ಸೊಗಸಾದ ಮಸೂರಗಳು ಎಂದು 2001ರಲ್ಲಿ ಜೋಆನಾ ಐಜೆನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದರು. ಮೈಯೆಲ್ಲ ಕಣ್ಣಾದ ಜೀವಿ ಎಂಬ ಕಲ್ಪನೆ ಎಲ್ಲರನ್ನೂ ಸೆಳೆಯಿತು. ಮಸೂರವೇನೋ ಇದೆ, ಅದರ ಕೆಳಗೆ ಬೆಳಕು ಗ್ರಹಿಸುವ ಕೋಶ ಇದೆಯೇ? 2018ರಲ್ಲಿ ಲಾರೆನ್ ಸಮ್ನರ್-ರೂನಿ ಮತ್ತು ಸಹೋದ್ಯೋಗಿಗಳು ಹುಡುಕಿದಾಗ ಕೋಶಗಳು ಸಿಕ್ಕವು. ಆದರೆ ಅವಿದ್ದದ್ದು ಉಬ್ಬುಗಳ ಕೆಳಗಲ್ಲ, ನಡುವಿನ ಸಂದುಗಳಲ್ಲಿ. ಎರಡು ವರ್ಷಗಳ ಬಳಿಕ ಇನ್ನೊಂದು ಸಂಗತಿ ಹೊರಬಿತ್ತು. ಈ ಜೀವಿ ಹಗಲು ಕಡುಗಂದು, ರಾತ್ರಿ ತಿಳಿಬಣ್ಣ. ಹಗಲಿನ ಗಾಢ ವರ್ಣಕ ಪ್ರತಿ ಕೋಶಕ್ಕೂ ಅಡ್ಡ ಮರೆಯಾಗಿ ನಿಂತು, ಅದು ಒಂದೇ ದಿಕ್ಕಿನ ಬೆಳಕನ್ನು ಮಾತ್ರ ಪಡೆಯುವಂತೆ ಮಾಡುತ್ತದೆ. ಹಗಲು ಅದು ದೂರದ ಕಪ್ಪು ನೆರಳಿನತ್ತ ಸರಿಯಾಗಿ ನಡೆಯುತ್ತದೆ, ಬಣ್ಣ ತಿಳಿಯಾದಾಗ ಆ ಶಕ್ತಿ ಹೋಗುತ್ತದೆ. ಮಸೂರಗಳ ಚೆಲುವಿಗೆ ಮನಸೋತು ನಾವು ಚರ್ಮದ ಬಣ್ಣವನ್ನು ಗಮನಿಸಿರಲಿಲ್ಲ.

ಟ್ರೈಲೋಬೈಟ್ ಪಳೆಯುಳಿಕೆಗಳ ವಿವಾದ ಇನ್ನೂ ಮುಗಿದಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಅಳಿದ ಈ ಕಡಲಜೀವಿಗಳ ಕಣ್ಣಿನ ಮಸೂರಗಳು ಕ್ಯಾಲ್ಸೈಟ್‌ನವು. ಅವುಗಳ ಒಳಮೈಯ ಆಕಾರ 17ನೇ ಶತಮಾನದಲ್ಲಿ ಡೆಕಾರ್ಟ್ ಮತ್ತು ಹೈಗೆನ್ಸ್ ಲೆಕ್ಕಹಾಕಿದ ದೋಷರಹಿತ ಮಸೂರಗಳನ್ನು ಹೋಲುತ್ತದೆ ಎಂದು 1975ರಲ್ಲಿ ಕ್ಲಾರ್ಕ್‌ಸನ್ ಮತ್ತು ಲೆವಿ-ಸೆಟ್ಟಿ ಬರೆದರು. 2019ರಲ್ಲಿ ಡೆನ್ಮಾರ್ಕಿನ 5.4 ಕೋಟಿ ವರ್ಷ ಹಳೆಯ ನೊಣಜಾತಿಯ ಕೀಟಗಳ ಪಳೆಯುಳಿಕೆಗಳಲ್ಲೂ ಕ್ಯಾಲ್ಸೈಟ್ ಮಸೂರ ಸಿಕ್ಕಿತು. ಇಂದು ಬದುಕಿರುವ ಅದೇ ಕುಲದ ಕೀಟಗಳ ಮಸೂರದಲ್ಲಿ ಕ್ಯಾಲ್ಸೈಟ್ ಇಲ್ಲ. ಅಂದಮೇಲೆ ಟ್ರೈಲೋಬೈಟ್‌ನ ಕ್ಯಾಲ್ಸೈಟ್ ಕೂಡ ಸತ್ತ ಮೇಲೆ ತುಂಬಿಕೊಂಡದ್ದಿರಬಹುದಲ್ಲ ಎಂದು ಆ ಕೀಟಗಳನ್ನು ಅಧ್ಯಯನ ಮಾಡಿದ ಲಿಂಡ್‌ಗ್ರೆನ್ ತಂಡ ಕೇಳಿದೆ. ಟ್ರೈಲೋಬೈಟ್ ತಜ್ಞರು ಒಪ್ಪಿಲ್ಲ. ಕಲ್ಲಿನ ಕಣ್ಣು ಅಸಾಧ್ಯವೇನಲ್ಲ: ಬಂಡೆಗೆ ಅಂಟಿಕೊಂಡು ಬದುಕುವ ಕೈಟನ್ ಎಂಬ ಮೃದ್ವಂಗಿಯ ಬೆನ್ನುಚಿಪ್ಪಿನಲ್ಲಿ ಇಂದಿಗೂ ನೂರಾರು ಕಣ್ಣುಗಳಿವೆ, ಅವುಗಳ ಮಸೂರ ಅರಗೋನೈಟ್ ಎಂಬ ಖನಿಜದ್ದು. ಅದಕ್ಕೆ ಬೆಲೆಯನ್ನೂ ಅದು ತೆರುತ್ತದೆ. ಕಣ್ಣಿರುವ ಜಾಗದಲ್ಲಿ ಚಿಪ್ಪು ದುರ್ಬಲವೆಂದು 2015ರ ಅಳತೆಗಳು ತೋರಿಸಿದವು.

ಇಷ್ಟೊಂದು ಬಗೆಯ ಕಣ್ಣುಗಳು ಬಂದದ್ದು ಹೇಗೆ? 1859ರಲ್ಲಿ ಡಾರ್ವಿನ್ ತನ್ನ ಸಿದ್ಧಾಂತಕ್ಕೆ ಎದುರಾಗುವ ತೊಡಕುಗಳ ಪೈಕಿ ಕಣ್ಣನ್ನು ತಾನೇ ಎತ್ತಿಕೊಂಡು, ಸಣ್ಣ ಸಣ್ಣ ಹಂತಗಳಲ್ಲಿ ಅದು ಬೆಳೆಯಬಹುದೆಂದು ವಾದಿಸಿದ. ಬೆಳಕು ಗ್ರಹಿಸುವ ಚಪ್ಪಟೆ ಚರ್ಮ ಮೀನಿನಂಥ ಕಣ್ಣಾಗಲು ಜಿಪುಣ ಲೆಕ್ಕದಲ್ಲೂ 4 ಲಕ್ಷ ತಲೆಮಾರುಗಳು ಸಾಕೆಂದು 1994ರಲ್ಲಿ ನಿಲ್ಸನ್ ಮತ್ತು ಪೆಲ್ಗರ್ ಅಂದಾಜಿಸಿದರು. ಭೂಮಿಯ ಇತಿಹಾಸದಲ್ಲಿ ಅದು ಅಲ್ಪಕಾಲ. ಕಣ್ಣು ಕನಿಷ್ಠ 40 ಸಲ, ಪ್ರಾಯಶಃ 65 ಸಲ ಬೇರೆ ಬೇರೆಯಾಗಿ ಹುಟ್ಟಿತೆಂದು 1977ರಲ್ಲಿ ಸಾಲ್ವಿನಿ-ಪ್ಲಾವೆನ್ ಮತ್ತು ಅರ್ನ್ಸ್ಟ್ ಮೇಯರ್ ಬರೆದಿದ್ದರು. ಆದರೆ 1995ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೇರಿಂಗ್ ಪ್ರಯೋಗಾಲಯ ಇಲಿಯ ಪ್ಯಾಕ್ಸ್-6 ಜೀನನ್ನು ನೊಣದ ಬೇರೆ ಅಂಗಗಳಲ್ಲಿ ಚಾಲೂ ಮಾಡಿದಾಗ ಅಲ್ಲೆಲ್ಲ ಕಣ್ಣು ಮೂಡಿತು, ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ಬೆಳಕು ಹಿಡಿಯುವ ಆಪ್ಸಿನ್ ಪ್ರೋಟೀನು, ಬೆಳವಣಿಗೆಯನ್ನು ಆರಂಭಿಸುವ ಜೀನುಗಳು ಹಳೆಯವು, ಬಹುಪಾಲು ಪ್ರಾಣಿಗಳಿಗೆ ಸಮಾನ. ಅವುಗಳಿಂದ ಕಟ್ಟಿದ ಅಂಗ ಮಾತ್ರ ಕುಲಕುಲಕ್ಕೂ ಬೇರೆ. ಎರಡೂ ಮಾತು ನಿಜ ಎಂಬುದು ನನ್ನ ತಿಳಿವಳಿಕೆ. ಆಕ್ಟೋಪಸ್‌ನ ಕಣ್ಣು ನಮ್ಮದನ್ನೇ ಹೋಲುತ್ತದೆ, ಆದರೆ ನರಗಳು ಅಕ್ಷಿಪಟದ ಹಿಂದಿನಿಂದ ಹೊರಡುವುದರಿಂದ ಅದಕ್ಕೆ ಕುರುಡುಚುಕ್ಕೆಯಿಲ್ಲ. ಬೇರೆ ದಾರಿಯಲ್ಲಿ ಬಂದ ಕಣ್ಣು ಎಂಬುದಕ್ಕೆ ಅದೊಂದೇ ಸಾಕು. ಬೃಹತ್ ಬೊಂಡಾಸ್‌ಗಳ ಕಣ್ಣಿನ ಅಗಲ ಸುಮಾರು 27 ಸೆಂಟಿಮೀಟರ್. ಕಡಲಾಳದ ಕತ್ತಲಲ್ಲಿ ಮೈಮೇಲೆ ಬರುವ ಸ್ಪರ್ಮ್ ತಿಮಿಂಗಿಲ ಕಲಕಿದ ಜೀವಿಗಳ ಮಿನುಗನ್ನು ನೂರು ಮೀಟರಿಗೂ ಹೆಚ್ಚು ದೂರದಿಂದ ಕಾಣಲು ಅಷ್ಟು ದೊಡ್ಡ ಕಣ್ಣು ಎಂದು ನಿಲ್ಸನ್ ತಂಡ 2012ರಲ್ಲಿ ಲೆಕ್ಕ ಕೊಟ್ಟಿದೆ.

ಒಂದು ಸಿಗಡಿಯ ಕಥೆ ನೋವಿನದು. ಅಟ್ಲಾಂಟಿಕ್ ತಳದ ಬಿಸಿನೀರಿನ ಬುಗ್ಗೆಗಳ ಸುತ್ತ ಲಕ್ಷಗಟ್ಟಲೆ ಸೇರುವ ರಿಮಿಕ್ಯಾರಿಸ್ ಸಿಗಡಿಗೆ ಕಣ್ಣಿಲ್ಲವೆಂದೇ ಮೊದಲು ತಿಳಿದಿದ್ದರು. 1989ರಲ್ಲಿ ಸಿಂಡಿ ವ್ಯಾನ್ ಡೋವರ್ ಮತ್ತು ಸಂಗಡಿಗರು ಅದರ ಬೆನ್ನ ಮೇಲಿನ ಹೊಳೆಯುವ ಜೋಡಿ ಪಟ್ಟೆಗಳಲ್ಲಿ ದೃಷ್ಟಿ ವರ್ಣಕವನ್ನು ಗುರುತಿಸಿದರು. ಮಸೂರವಿಲ್ಲ, ಚಿತ್ರವಿಲ್ಲ, ತೀರ ಮಂದ ಬೆಳಕನ್ನು ಹೀರಲು ಹಾಸಿದ ಅಕ್ಷಿಪಟ ಮಾತ್ರ. ಸೂರ್ಯನ ಬೆಳಕು ತಲುಪದ ಅಲ್ಲಿ ಯಾವ ಬೆಳಕು ಎಂದು ಹುಡುಕಿದಾಗ ಬುಗ್ಗೆಗಳೇ ಮಂದವಾಗಿ ಬೆಳಗುತ್ತಿರುವುದು ಪತ್ತೆಯಾಯಿತು. ಕಣ್ಣನ್ನು ಅರಿಯಲು ಹೋಗಿ ಹೊಸದೊಂದು ಬೆಳಕೇ ಸಿಕ್ಕಿತು! ಆದರೆ ಅವನ್ನು ನೋಡಲು ಇಳಿದ ಜಲಾಂತರ್ಗಾಮಿಗಳ ಪ್ರಖರ ದೀಪಗಳು ಆ ಸೂಕ್ಷ್ಮ ಅಂಗವನ್ನು ಸರಿಪಡಿಸಲಾಗದಂತೆ ಹಾಳುಗೆಡವಿರಬೇಕೆಂದು 1999ರಲ್ಲಿ ಪೀಟರ್ ಹೆರ್ರಿಂಗ್ ಮತ್ತಿತರರು ಎಚ್ಚರಿಸಿದರು. ಇಂಥ ಕಡೆ ಸಂಶೋಧನೆ ಮಾಡುವವರು ದೀಪ ಹಚ್ಚುವ ಮುನ್ನ ಎರಡು ಸಲ ಯೋಚಿಸಬೇಕು.

ಈ ವಿದ್ಯೆಗೆ ದುಬಾರಿ ಸಲಕರಣೆ, ದೂರದ ಕಡಲು ಬೇಕೆಂದೇನಿಲ್ಲ. ಅಮೆರಿಕದ ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಕಡಲ ದಂಡೆಯಲ್ಲಿ ಸಿಗುವ ಕುದುರೆಲಾಳ ಏಡಿಯ ಒಂದೇ ನರತಂತುವಿನ ಸಂಕೇತವನ್ನು ಹಿಡಿದು ಕೆಲಸ ಆರಂಭಿಸಿದವರು. ಅಕ್ಕಪಕ್ಕದ ಘಟಕಗಳು ಒಂದನ್ನೊಂದು ತಡೆದು ಅಂಚುಗಳನ್ನು ಎದ್ದು ಕಾಣುವಂತೆ ಮಾಡುತ್ತವೆ ಎಂಬ, ನಮ್ಮ ಕಣ್ಣಿಗೂ ಅನ್ವಯಿಸುವ ತತ್ವ ಅಲ್ಲಿಂದ ಬಂತು. 1967ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ಕುದುರೆಲಾಳ ಏಡಿಗಳು ನಮ್ಮ ಒಡಿಶಾ ಕರಾವಳಿಯಲ್ಲೂ ಇವೆ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಕಣ್ಣಿನ ಪಾಠ ಮಾಡುವಾಗ ಮೀನು ಮಾರುಕಟ್ಟೆಯಿಂದ ಒಂದು ತಾಜಾ ಸಿಗಡಿಯನ್ನು ತಲೆ ಸಹಿತ ತನ್ನಿ, ಜತೆಗೆ ಸತ್ತ ನೊಣವೊಂದಿರಲಿ. ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಡಿ, ಮೇಲಿನಿಂದ ಟಾರ್ಚ್ ಬೆಳಕು ಬಿಟ್ಟು, ಎರಡರ ಕಣ್ಣನ್ನೂ ತೋರಿಸಿ. ನೊಣದ ಕಣ್ಣಿನ ಘಟಕಗಳು ಷಟ್ಕೋನ. ಸಿಗಡಿಯವು ಗ್ರಾಫ್ ಹಾಳೆಯ ಮನೆಗಳಂತೆ ಚೌಕ. ಏಕೆಂದರೆ ಸಿಗಡಿ ನೋಡುವುದು ಕನ್ನಡಿಗಳಿಂದ. ಪ್ರತಿ ಘಟಕದ ಒಳಗೋಡೆಗಳೂ ಕನ್ನಡಿಗಳು, ಅವು ಪರಸ್ಪರ ಲಂಬವಾಗಿದ್ದರೆ ಮಾತ್ರ ಓರೆಯಾಗಿ ಬಂದ ಬೆಳಕೂ ಸರಿಯಾದ ಬಿಂದುವಿಗೆ ತಿರುಗುತ್ತದೆ. ಇದನ್ನು 1970ರ ದಶಕದಲ್ಲಿ ಕ್ಲಾಸ್ ವೋಗ್ಟ್ ಮತ್ತು ಮೈಕೆಲ್ ಲ್ಯಾಂಡ್ ಕಂಡುಹಿಡಿದರು. ಮರಿಯಾಗಿ ನೀರಿನ ಮೇಲುಪದರದಲ್ಲಿ ತೇಲುವಾಗ ಸಿಗಡಿಯ ಘಟಕಗಳೂ ಷಟ್ಕೋನವೇ, ಬೆಳೆದ ಮೇಲೆ ಚೌಕವಾಗುತ್ತವೆ. ಇದೇ ರಚನೆಯಿಂದ ಎಕ್ಸ್-ಕಿರಣಗಳ ದೂರದರ್ಶಕ ಮಾಡಬಹುದೆಂದು 1979ರಲ್ಲಿ ರೋಜರ್ ಏಂಜೆಲ್ ಸೂಚಿಸಿದ್ದರು. 2024ರ ಜನವರಿಯಲ್ಲಿ ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಉಪಗ್ರಹ ಅದೇ ತತ್ವದ ಕನ್ನಡಿಗಳಿಂದ ಆಕಾಶವನ್ನು ನೋಡುತ್ತಿದೆ.